ತಾರಸಿಗೆ ಸೊಪ್ಪೇ ಸರಿ

ತಾರಸಿ ಮೇಲೆ ತೋಟ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ಬೀಜದ ಮಾತು ಎತ್ತುವ ಮೊದಲು ನಾನು ಮನೆಯ ವಿಚಾರ ಕೇಳುತ್ತೇನೆ. ಪಿಲ್ಲರ್ ಹಾಕಿ ಕಟ್ಟಿದ್ದೋ, ಗೋಡೆಯ ಮೇಲೇ ನಿಂತದ್ದೋ? ಆರ್‌ಸಿಸಿ ಹಾಕಿ ಎಷ್ಟು ವರ್ಷವಾಯಿತು? ಮಳೆಗಾಲದಲ್ಲಿ ಒಳಗಿನ ಸೀಲಿಂಗ್‌ನಲ್ಲಿ ಕಲೆ ಕಾಣುತ್ತದೆಯೇ? ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತಳಾದವಳು ನಾನು. ಸೋರುವ ಮಾಳಿಗೆ, ಬಿರುಕು ಬಿಟ್ಟ ಗೋಡೆಗಳನ್ನು ನೋಡುತ್ತಲೇ ಸರ್ವಿಸ್ ಮುಗಿಸಿದೆ. ಈಗ ಬೆಂಗಳೂರಿನ ವಿಜಯನಗರದಲ್ಲಿ ಎರಡನೇ ಮಹಡಿಯ ನೆತ್ತಿಯ ಮೇಲೆ ನನ್ನದೊಂದು ಸೊಪ್ಪಿನ ತೋಟವಿದೆ. ಅದನ್ನು ನಾನು ಇಟ್ಟುಕೊಂಡಿರುವ ರೀತಿಯಲ್ಲಿ ಆ ಹಳೆಯ ಕಸುಬಿನ ಅಭ್ಯಾಸವೇ ಹೆಚ್ಚು.

ಹಸಿ ಮಣ್ಣಿನ ತೂಕ ಕಣ್ಣಂದಾಜಿಗೆ ಸಿಗುವಂಥದ್ದಲ್ಲ. ನೀರು ಕುಡಿದ ಕೆಮ್ಮಣ್ಣು ಒಂದು ಘನ ಮೀಟರಿಗೆ 1,700 ಕಿಲೋದಿಂದ 2,000 ಕಿಲೋವರೆಗೆ ತೂಗುತ್ತದೆ. ಪ್ಯಾರಪೆಟ್ ಒತ್ತಿನಲ್ಲಿ ಎರಡು ಸಾಲು ಇಟ್ಟಿಗೆ ಕಟ್ಟಿ, ಪ್ಲಾಸ್ಟಿಕ್ ಹಾಳೆ ಹಾಸಿ, ಒಂದಡಿ ಎತ್ತರಕ್ಕೆ ಮಣ್ಣು ಸುರಿದು ಮಡಿ ಮಾಡಿದವರನ್ನು ಬಹಳ ಕಡೆ ಕಂಡಿದ್ದೇನೆ. ಆ ಮಡಿಯ ಭಾರ ಪ್ರತಿ ಚದರ ಮೀಟರಿಗೆ 500 ಕಿಲೋ ದಾಟುತ್ತದೆ. ನಮ್ಮ ದೇಶದ ಮಾನಕ ಸಂಹಿತೆ ಐಎಸ್ 875ರಲ್ಲಿ, ಜನ ಹತ್ತಿ ಓಡಾಡುವ ತಾರಸಿಗೆ ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 150 ಕಿಲೋ ಮಾತ್ರ. ಹತ್ತಲು ದಾರಿಯಿಲ್ಲದ ತಾರಸಿಗೆ ಅದರ ಅರ್ಧ. ಮಡಿ ಹಾಕಿದ ಮರುದಿನವೇ ಏನೂ ಆಗದೆ ಇರಬಹುದು. ಆದರೆ ನಡುಭಾಗದಲ್ಲಿ ಸ್ಲ್ಯಾಬ್ ಕೂದಲೆಳೆಯಷ್ಟು ಬಾಗಿದರೂ ಸಾಕು, ಸಣ್ಣ ಬಿರುಕಿನಲ್ಲಿ ನೀರಿಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿಯಲು ಶುರುವಾಗುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಆಮೇಲೆ ಅಡುಗೆಮನೆಯ ಸೀಲಿಂಗಿನಿಂದ ಗಾರೆ ಉದುರುತ್ತದೆ.

ಹಾಗಾಗಿ ನನ್ನ ತಾರಸಿಯಲ್ಲಿ ಮಡಿಗಳಿಲ್ಲ, ಇರುವುದೆಲ್ಲ ಬಿಡಿ ಕುಂಡ ಮತ್ತು ಬಿಳಿ ಗ್ರೋ ಬ್ಯಾಗುಗಳು. ದೊಡ್ಡವು ಕೆಳಗಿನ ಗೋಡೆ ಮತ್ತು ಬೀಮಿನ ನೇರಕ್ಕೆ ಇವೆ. ನಡುವಿನ ಜಾಗದಲ್ಲಿ ಮೆಂತ್ಯ, ಹರಿವೆಯ ಅಗಲವಾದ ತೆಳು ಟ್ರೇಗಳು ಮಾತ್ರ. ಪ್ರತಿಯೊಂದರ ಅಡಿಗೂ ಇಟ್ಟಿಗೆ ಚೂರು ಕೊಟ್ಟು ನೆಲದಿಂದ ಎತ್ತಿದ್ದೇನೆ. ನೀರು ಸರಾಗ ಹರಿದು ಹೋಗುತ್ತದೆ, ಕೆಳಗೆ ಗಾಳಿಯಾಡುತ್ತದೆ, ಏಪ್ರಿಲ್‌ನಲ್ಲಿ ಕಾದ ಸಿಮೆಂಟಿನ ಬಿಸಿ ಬೇರಿಗೆ ತಟ್ಟುವುದಿಲ್ಲ. ಕಪ್ಪು ಪ್ಲಾಸ್ಟಿಕ್ ಕುಂಡ ಬೇಸಿಗೆಯ ಮಧ್ಯಾಹ್ನ ಎಷ್ಟು ಕಾಯುತ್ತದೆಂದು ಅಂಗೈ ಇಟ್ಟು ನೋಡಿ. ಗೋಡೆಗೆ ಅಂಟಿಕೊಂಡಿರುವ ಬೇರು ಅದೇ ಶಾಖದಲ್ಲಿ ಬೇಯುತ್ತಿರುತ್ತದೆ.

ಬಾಲ್ಕನಿಯ ಲೆಕ್ಕ ಬೇರೆ. ಅದು ಗೋಡೆಯಿಂದ ಹೊರಚಾಚಿದ ಹಲಗೆ. ಭಾರ ಹೊರ ಅಂಚಿಗೆ ಹೋದಷ್ಟೂ ಬುಡದ ಮೇಲೆ ಬೀಳುವ ಒತ್ತಡ ಹೆಚ್ಚು. ಆದರೂ ಎಲ್ಲರೂ ಭಾರದ ಕುಂಡಗಳನ್ನು ಕಂಬಿಯ ಪಕ್ಕಕ್ಕೇ ಸಾಲಾಗಿ ಇಡುತ್ತಾರೆ, ಬಿಸಿಲು ಅಲ್ಲಿ ಬೀಳುತ್ತದೆ ಎಂದು. ಭಾರವಾದದ್ದು ಗೋಡೆ ಕಡೆಗೆ, ಹಗುರವಾದದ್ದು ಕಂಬಿ ಕಡೆಗೆ ಇರಲಿ. ಕಂಬಿಗೆ ತೂಗು ಹಾಕುವುದಾದರೆ ಒಳಮುಖವಾಗಿ ಹಾಕಿ, ಕೆಳಗೆ ಮಕ್ಕಳು ಆಡುತ್ತಿರುತ್ತಾರೆ.

ಭಾರ ಇಳಿಸಲು ನಮಗೆ ಸಿಕ್ಕಿರುವ ದೊಡ್ಡ ಅನುಕೂಲ ತೆಂಗಿನ ನಾರಿನ ಪುಡಿ. ತಿಪಟೂರಿನ ಸುತ್ತ ಒಂದು ಕಾಲಕ್ಕೆ ನಾರು ತೆಗೆದ ಮೇಲೆ ಗುಡ್ಡೆ ಬಿದ್ದಿರುತ್ತಿದ್ದ ಈ ಪುಡಿ ಈಗ ಕೋಕೋಪೀಟ್ ಎಂಬ ಹೆಸರಿನಲ್ಲಿ ಇಟ್ಟಿಗೆಯಾಗಿ ಅಂಗಡಿಗೆ ಬರುತ್ತದೆ. ಐದು ಕಿಲೋದ ಒಂದು ಇಟ್ಟಿಗೆ ನೀರಲ್ಲಿ ಅರಳಿದರೆ ಸುಮಾರು 70 ಲೀಟರ್ ಜಾಗ ತುಂಬುತ್ತದೆ. ಆದರೆ ಅದರಲ್ಲಿ ಉಪ್ಪು ಇರುತ್ತದೆ. ಅರಳಿದ ಮೇಲೆ ನೀರು ಹಿಂಡಿ ಚೆಲ್ಲಿ, ಮತ್ತೆ ನೆನೆಸಿ, ಮತ್ತೆ ಹಿಂಡಬೇಕು. ಸ್ವಂತ ಸಾರವಂತೂ ಇಲ್ಲವೇ ಇಲ್ಲ. ಅದು ಕೊಳೆಯುವಾಗ ಗಿಡಕ್ಕೆ ಸಿಗಬೇಕಾದ ಸಾರಜನಕವನ್ನೂ ಹೀರಿಕೊಳ್ಳುತ್ತದೆ. ಆದ್ದರಿಂದ ನಾನು ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್ ಸೇರಿಸುತ್ತೇನೆ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಹಾಕುತ್ತೇನೆ. ಮಣ್ಣೇ ಬೇಡ ಎನ್ನುವವರಿದ್ದಾರೆ. ಸ್ವಲ್ಪವಾದರೂ ಮಣ್ಣು ಇದ್ದರೆ ಗೊಬ್ಬರ ನೀರಿನೊಂದಿಗೆ ಬೇಗ ತೊಳೆದು ಹೋಗುವುದಿಲ್ಲ, ಗಿಡವೂ ಗಾಳಿಗೆ ವಾಲುವುದಿಲ್ಲ ಎಂಬುದು ನನ್ನ ಅನುಭವ.

‘ಆಂಟಿ, ತಳಕ್ಕೆ ಜಲ್ಲಿ ಹಾಕಬೇಕಂತಲ್ಲ, ನೀರು ಬಸಿಯೋಕೆ?’ ಎಂದು ಕೆಳಗಿನ ಮನೆಯ ಹುಡುಗಿ ಒಂದು ದಿನ ಬಕೆಟ್ ತುಂಬ ಜಲ್ಲಿ ಹೊತ್ತುಕೊಂಡೇ ಬಂದಿದ್ದಳು. ಎಲ್ಲರೂ ಹೇಳುವ ಮಾತು ಇದು. ನಾನು ಅವಳ ಕೈಗೆ ಪಾತ್ರೆ ತಿಕ್ಕುವ ಹೊಸ ಸ್ಪಂಜು ಕೊಟ್ಟೆ. ‘ಪೂರ್ತಿ ನೆನೆಸು. ಮಲಗಿಸಿ ಹಿಡಿ.’ ನೀರು ತೊಟ್ಟಿಕ್ಕಿ ನಿಂತಿತು. ‘ಈಗ ಉದ್ದಕ್ಕೆ ನಿಲ್ಲಿಸು.’ ಮತ್ತೆ ನೀರು ಸುರಿಯಿತು. ಸ್ಪಂಜು ಅದೇ, ಬದಲಾದದ್ದು ಎತ್ತರ. ಕುಂಡದ ಮಣ್ಣೂ ಹೀಗೆಯೇ. ಎಷ್ಟೇ ಬಸಿದರೂ ತಳದಲ್ಲಿ ಒಂದೆರಡು ಬೆರಳು ಎತ್ತರಕ್ಕೆ ನೀರು ನಿಂತೇ ಇರುತ್ತದೆ, ಸಣ್ಣ ರಂಧ್ರಗಳು ಅದನ್ನು ಹಿಡಿದಿಟ್ಟಿರುತ್ತವೆ. ಆ ನೀರು ಕೆಳಗಿರುವ ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ಜಲ್ಲಿ ಹಾಕಿದರೆ ಆ ಕೆಸರಿನ ಪದರ ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಏರಿ ಕೂರುತ್ತದೆ. ಬೇರಿಗೆ ಇರುವ ಜಾಗವೂ ಕಡಿಮೆಯಾಯಿತು, ಸ್ಲ್ಯಾಬಿಗೆ ಭಾರವೂ ಹೆಚ್ಚಿತು. ತೂತಿನ ಮೇಲೆ ಮಣ್ಣು ಜಾರದಂತೆ ಒಂದು ಹೆಂಚಿನ ಚೂರು ಸಾಕು. ಬೇಗ ಬಸಿಯಬೇಕಾದರೆ ಎತ್ತರದ ಕುಂಡ ತೆಗೆದುಕೊಳ್ಳಿ, ಇಲ್ಲವೇ ಇಡೀ ಮಿಶ್ರಣವನ್ನೇ ಸಡಿಲ ಮಾಡಿ. ಅವಳು ಜಲ್ಲಿ ವಾಪಸ್ ಒಯ್ದಳು.

ಬಿಸಿಲಿನ ವಿಷಯದಲ್ಲಿ ಜನ ಒಂದು ಸಂಗತಿ ಮರೆಯುತ್ತಾರೆ. ನನ್ನ ಮಗಳು ಇರುವುದು ದಕ್ಷಿಣಕ್ಕೆ ಬಾಲ್ಕನಿ ಇರುವ ಫ್ಲ್ಯಾಟಿನಲ್ಲಿ. ಡಿಸೆಂಬರಿನಲ್ಲಿ ಮನೆ ಹಿಡಿದಾಗ ಬಾಲ್ಕನಿ ತುಂಬ ಬಿಸಿಲು. ಉತ್ಸಾಹದಿಂದ ಟೊಮೆಟೊ ಹಾಕಿದಳು. ಮೇ ತಿಂಗಳಿಗೆ ಫೋನು: ‘ಅಮ್ಮ, ಬಿಸಿಲೇ ಬರ್ತಿಲ್ಲ, ಗಿಡ ಬರೀ ಉದ್ದ ಹೋಗ್ತಿದೆ.’ ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಪ್ರತಿವರ್ಷ ಏಪ್ರಿಲ್ 24ರ ಹೊತ್ತಿಗೆ ಇಲ್ಲಿ ಶೂನ್ಯ ನೆರಳಿನ ದಿನ, ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ. ಆಮೇಲೆ ಆಗಸ್ಟ್ 18ರ ಸುಮಾರಿನವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ಇರುವುದು ಉತ್ತರದ ಕಡೆಗೆ. ಆ ನಾಲ್ಕು ತಿಂಗಳು ದಕ್ಷಿಣದ ಬಾಲ್ಕನಿಗೆ ಮೇಲ್ಮನೆಯ ನೆರಳೇ ಗತಿ, ಉತ್ತರದ ಬಾಲ್ಕನಿಗೆ ಬಿಸಿಲಿನ ಯೋಗ. ಆದ್ದರಿಂದ ಫ್ಲ್ಯಾಟಿನವರು ಒಂದು ವಾರದ ಬಿಸಿಲು ನೋಡಿ ತೀರ್ಮಾನಿಸಬಾರದು. ದಕ್ಷಿಣದ ಬಾಲ್ಕನಿಯಲ್ಲಿ ಹಣ್ಣುಕಾಯಿಯ ಗಿಡಗಳನ್ನು ಸೆಪ್ಟೆಂಬರಿನಲ್ಲಿ ನೆಟ್ಟರೆ ಫೆಬ್ರವರಿವರೆಗೆ ಫಲ. ಉಳಿದ ಕಾಲಕ್ಕೆ ಪುದೀನ, ಒಂದೆಲಗ, ದೊಡ್ಡಪತ್ರೆ ಇರಲಿ, ಇವು ಅರೆನೆರಳಿನಲ್ಲೂ ಹಾಯಾಗಿರುತ್ತವೆ.

ಟೊಮೆಟೊ ಬಗ್ಗೆ ಮಗಳಿಗೂ ನನಗೂ ಇನ್ನೂ ವಾದ ಮುಗಿದಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟ: ಜಾಗ ಚಿಕ್ಕದಿದ್ದರೆ ಸೊಪ್ಪು ಬೆಳೆಯಿರಿ. ಟೊಮೆಟೊ ಗಿಡಕ್ಕೆ ಕನಿಷ್ಠ 15–20 ಲೀಟರಿನ ಕುಂಡ ಬೇಕು, ಆರು ಗಂಟೆ ನೇರ ಬಿಸಿಲು ಬೇಕು, ಮೂರು ತಿಂಗಳು ಕಾಯಬೇಕು. ಅಷ್ಟು ಮಾಡಿ ಸಿಗುವ ಹಣ್ಣು ಅಂಗಡಿಯಲ್ಲೂ ಸಿಗುತ್ತದೆ, ವಾರ ಇಟ್ಟರೂ ಕೆಡುವುದಿಲ್ಲ. ಸೊಪ್ಪಿನ ಕಥೆ ಬೇರೆ. ಕಿತ್ತ ಗಳಿಗೆಯಿಂದಲೇ ಬಾಡುತ್ತದೆ. ಬೆಳಿಗ್ಗೆ ಗಾಡಿಯಲ್ಲಿ ಬಂದದ್ದು ಸಂಜೆಗೆ ಹಳದಿ. ಅದೇ ಜಾಗದಲ್ಲಿ ನಾಲ್ಕು ಬೆರಳು ಆಳದ ಟ್ರೇ ಇಟ್ಟರೆ ಮೆಂತ್ಯ ಮೂರ್ನಾಲ್ಕು ದಿನಕ್ಕೆ ಮೊಳೆತು ತಿಂಗಳೊಳಗೆ ಒಲೆಗೆ ಬರುತ್ತದೆ. ಒಲೆ ಹಚ್ಚಿಟ್ಟು ಮೇಲೆ ಹೋಗಿ ಕಿತ್ತು ತಂದ ಹರಿವೆಯ ಬಸ್ಸಾರಿನ ರುಚಿ ದುಡ್ಡು ಕೊಟ್ಟರೆ ಬರುವಂಥದ್ದಲ್ಲ. ಸೊಪ್ಪಿಗೆ ಹೂ ಕಟ್ಟಬೇಕಿಲ್ಲ, ಜೇನು ಬರಬೇಕಿಲ್ಲ, ಮೂರ್ನಾಲ್ಕು ಗಂಟೆಯ ಬಿಸಿಲಿನಲ್ಲೂ ಸುಧಾರಿಸಿಕೊಳ್ಳುತ್ತದೆ.

ಅಡುಗೆಮನೆಯ ಡಬ್ಬಿಯ ಮೆಂತ್ಯವನ್ನೇ ರಾತ್ರಿ ನೆನೆಸಿ ಚೆಲ್ಲಬಹುದು. ಕೊತ್ತಂಬರಿಗೆ ತಾಳ್ಮೆ ಬೇಕು. ಅದರ ಒಂದು ಗುಂಡು ಕಾಳಿನೊಳಗೆ ಎರಡು ಬೀಜ ಜೋಡಿಯಾಗಿರುತ್ತವೆ. ಲಟ್ಟಣಿಗೆಯನ್ನು ಮೆಲ್ಲಗೆ ಉರುಳಿಸಿ ಹೋಳು ಮಾಡಬೇಕು, ಪುಡಿಯಾಗಬಾರದು. ಬಿತ್ತಿದ ಮೇಲೆ ಹತ್ತು ದಿನವಾದರೂ ಏನೂ ಕಾಣದೆ ಜನ ಕೆದಕಿ ನೋಡುತ್ತಾರೆ. ಕೆದಕಬೇಡಿ. ಮಾರ್ಚ್–ಏಪ್ರಿಲ್‌ನಲ್ಲಿ ಮಾತ್ರ ಕೊತ್ತಂಬರಿಯ ಗೊಡವೆಗೆ ಹೋಗದಿರುವುದು ಲೇಸು, ಬಿಸಿಗೆ ಎಲೆ ಬಿಡುವ ಮೊದಲೇ ಹೂವಿಗೆ ಓಡುತ್ತದೆ. ಪುದೀನವನ್ನು ಬೀಜದಿಂದ ಮಾಡಬೇಕಿಲ್ಲ. ಕಟ್ಟಿನಲ್ಲಿ ಬಂದ ಬಲಿತ ಕಡ್ಡಿ ನೀರಿಗಿಟ್ಟರೆ ವಾರದಲ್ಲಿ ಬೇರು. ಅದಕ್ಕೆ ಪ್ರತ್ಯೇಕ ಕುಂಡವೇ ಇರಲಿ, ಜೊತೆಗೆ ನೆಟ್ಟದ್ದನ್ನೆಲ್ಲ ಅದು ನುಂಗಿಬಿಡುತ್ತದೆ.

ನಮ್ಮ ಅತ್ತೆ ಪುತ್ತೂರಿನ ಕಡೆಯವರು. ಅವರಿಗೆ ತಾರಸಿ ಎಂದರೆ ಬಸಳೆ. ಅಂಗಡಿಯಿಂದ ತಂದ ಬಸಳೆಯ ದಪ್ಪ ದಂಟಿನಲ್ಲಿ ಎರಡು ಗಿಣ್ಣು ಇರುವಂತೆ ತುಂಡು ಮಾಡಿ ಊರಿದರು. ಈಗ ಅದು ನೀರಿನ ಟ್ಯಾಂಕಿನ ಏಣಿಯನ್ನು ಹತ್ತಿ ಕುಳಿತಿದೆ. ದೊಡ್ಡ ಬಕೆಟಿನಲ್ಲಿ ಅವರು ಅರಿಶಿನವನ್ನೂ ಹಾಕಿಸಿದರು. ಮೇ ತಿಂಗಳಲ್ಲಿ ಕೊಂಬು ಊರಿದರೆ ನಾಗರಪಂಚಮಿಯ ಹೊತ್ತಿಗೆ ಕಡುಬು ಸುತ್ತುವಷ್ಟು ಅಗಲದ ಎಲೆ, ಜನವರಿಗೆ ಹಸಿ ಅರಿಶಿನ. ಆಟಿ ತಿಂಗಳ ಪತ್ರೊಡೆಗೆ ಕೆಸುವೂ ಇದೆ. ಬಸಿಯುವ ನೀರು ಬೀಳುವ ಮೂಲೆಯಲ್ಲಿ ಅದಕ್ಕೆ ಜಾಗ ಕೊಟ್ಟಿದ್ದೇವೆ, ಅದಕ್ಕೆ ಒದ್ದೆಯೇ ಪ್ರೀತಿ. ಬೆಂಗಳೂರಿನಲ್ಲಿ ಕೆಸುವಿನೆಲೆ, ಅರಿಶಿನದೆಲೆ ಹುಡುಕಿಕೊಂಡು ಮಾರುಕಟ್ಟೆ ಸುತ್ತಿದ ಕರಾವಳಿಯವರಿಗೆ ಇದರ ಬೆಲೆ ಗೊತ್ತು.

ಚಕ್ರಮುನಿಯ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ವಿಟಮಿನ್ ಸೊಪ್ಪು ಎಂದು ಎಲ್ಲರೂ ಕಡ್ಡಿ ಹಂಚಿಕೊಳ್ಳುವ ಗಿಡ ಅದು, ಕುಂಡದಲ್ಲಿ ವರ್ಷಗಟ್ಟಲೆ ಚಿಗುರುತ್ತದೆ, ಪಲ್ಯಕ್ಕೂ ತಂಬುಳಿಗೂ ಚೆಂದ. ಆದರೆ ತೈವಾನಿನಲ್ಲಿ 1990ರ ದಶಕದ ನಡುವೆ ತೂಕ ಇಳಿಸಲೆಂದು ಇದರ ಹಸಿ ರಸವನ್ನು ದಿನವೂ ಕುಡಿದ ಹಲವರಿಗೆ ಶ್ವಾಸಕೋಶಕ್ಕೆ ಗುಣವಾಗದ ಹಾನಿಯಾಯಿತು. ಬೇಯಿಸಿ, ಆಗೊಮ್ಮೆ ಈಗೊಮ್ಮೆ ತಿನ್ನಿ. ಮನೆಯಲ್ಲಿ ಬೆಳೆದದ್ದೆಂಬ ಕಾರಣಕ್ಕೆ ಜ್ಯೂಸ್ ಮಾಡಿ ಕುಡಿಯಬೇಡಿ.

ತರಕಾರಿ ಬೇಡವೇ ಬೇಡ ಎನ್ನುವುದಿಲ್ಲ. ಮೆಣಸಿನಕಾಯಿ, ಬದನೆ ಒಂದಡಿ ಕುಂಡದಲ್ಲಿ ಚೆನ್ನಾಗಿ ಬರುತ್ತವೆ. ಬೆಂಡೆಗೂ ಅಷ್ಟೇ ಸಾಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ’ ಹೆಸರಿನ ತಳಿಗಳು ನಮ್ಮ ಹವೆಗೆ ಒಗ್ಗಿದವು. ಬೆಂಡೆಯಲ್ಲಿ ಅರ್ಕಾ ಅನಾಮಿಕಾ, ಪಾಲಕ್‌ನಲ್ಲಿ ಅರ್ಕಾ ಅನುಪಮಾ ನಾನು ಬಿಡದೆ ಬಿತ್ತುವವು. ಇನ್ನು ಅವರೆ. ನಾಡಿನ ಹಳೆಯ ಬಳ್ಳಿ ಅವರೆ ಹಗಲು ಕಿರಿದಾಗದೆ ಹೂ ಬಿಡುವುದಿಲ್ಲ. ಫೆಬ್ರವರಿಯಲ್ಲಿ ಬಿತ್ತಿದವರು ವರ್ಷಪೂರ್ತಿ ಬಳ್ಳಿಗೆ ನೀರು ಹೊಯ್ಯುತ್ತ ಕೂರಬೇಕು. ಜುಲೈ–ಆಗಸ್ಟ್‌ನಲ್ಲಿ ಬಿತ್ತಿದರೆ ಚಳಿಗಾಲಕ್ಕೆ ಕಾಯಿ. ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ–4, ಅಂದರೆ ಎಚ್‌ಎ–4, ಗಿಡ್ಡ ಗಿಡದ ತಳಿ. ಅದಕ್ಕೆ ಹಗಲಿನ ಉದ್ದದ ಹಂಗಿಲ್ಲ, ಕುಂಡಕ್ಕೂ ಅದೇ ಸರಿ. ಸೊಗಡಿನ ವಿಷಯದಲ್ಲಿ ಮಾತ್ರ ನನ್ನ ನಾಲಿಗೆ ಇನ್ನೂ ಬಳ್ಳಿ ಅವರೆಯ ಕಡೆಗೇ ವಾಲುತ್ತದೆ.

ಮೇಲಿನ ಮಹಡಿಗಳಲ್ಲಿ ಹೂ ತುಂಬ ಬಿಟ್ಟು ಕಾಯಿ ಕಚ್ಚುವುದಿಲ್ಲ ಎಂಬ ದೂರು ಸಾಮಾನ್ಯ. ಹೀರೆ, ಹಾಗಲ, ಸೋರೆಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಮೊದಲೇ ಇರುತ್ತದೆ. ಹುಳು–ದುಂಬಿ ಬಾರದಿದ್ದರೆ ಅದು ಹಳದಿಯಾಗಿ ಉದುರುತ್ತದೆ. ಆಗ ನಾವೇ ಗಂಡು ಹೂ ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಒರೆಸಬೇಕು. ಹೊತ್ತು ಮುಖ್ಯ. ಹಾಗಲದ ಹೂ ಬೆಳಿಗ್ಗೆ ಅರಳುತ್ತದೆ, ಹೀರೆಯದು ಸಂಜೆ. ಬೆಳಿಗ್ಗೆ ಎದ್ದು ಮುಚ್ಚಿದ ಹೀರೆ ಹೂವಿನ ಜೊತೆ ಒದ್ದಾಡಿದವರು ಎಷ್ಟೋ ಮಂದಿ. ಸಂಜೆ ಐದೂವರೆ–ಆರರ ಹೊತ್ತಿಗೆ ಹೋದರೆ ಹಳದಿ ಹೂ ಅರಳಿ, ಮುಟ್ಟಿದರೆ ಬೆರಳಿಗೆ ಪರಾಗ ಅಂಟುತ್ತದೆ. ಟೊಮೆಟೊ, ಬದನೆಗೆ ಒಂದೇ ಹೂವಿನಲ್ಲಿ ಎರಡೂ ಇವೆ, ಆದರೆ ಪರಾಗ ಕೊಳವೆಯೊಳಗೆ ಸಿಕ್ಕಿಕೊಂಡಿರುತ್ತದೆ. ಮರ ಕೊರೆಯುವ ದೊಡ್ಡ ಕಪ್ಪು ದುಂಬಿ ಹೂ ಹಿಡಿದು ಝೇಂಕರಿಸಿ ಅದನ್ನು ಉದುರಿಸುತ್ತದೆ. ದುಂಬಿ ಇಲ್ಲದ ಕಡೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ನಾಲ್ಕು ಸಲ ಮಿಡಿದರಾಯಿತು.

ಹುಳುವಿನ ಕಾಟ ಇದ್ದದ್ದೇ. ಹಿಟ್ಟು ತಿಗಣೆ, ಹೇನು ಕಂಡ ದಿನವೇ ನೀರಿನ ಜೋರು ಧಾರೆ ಹಿಡಿಯುತ್ತೇನೆ. ಬಗ್ಗದಿದ್ದರೆ ಲೀಟರ್ ನೀರಿಗೆ ಐದು ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪು ಬೆರೆಸಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಭಾಗಕ್ಕೆ ಸಿಂಪಡಿಸುತ್ತೇನೆ. ಕರಿಬೇವಿನ ಹುಳುವಿಗೆ ಮಾತ್ರ ವಿನಾಯಿತಿ. ಮೊದಲು ಹಕ್ಕಿಯ ಹಿಕ್ಕೆಯಂತೆ ಕಪ್ಪು–ಬಿಳಿ ಇರುತ್ತದೆ, ಬಲಿತ ಮೇಲೆ ಎಲೆಯ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಬಣ್ಣದ ಕವಲು ಕೊಂಬು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಅದು ನಿಂಬೆ ಚಿಟ್ಟೆಯ ಮರಿ. ನಿಂಬೆ, ಕರಿಬೇವು ಒಂದೇ ಕುಟುಂಬದ ಗಿಡಗಳಾದ್ದರಿಂದ ಎರಡರಲ್ಲೂ ಮೊಟ್ಟೆಯಿಡುತ್ತದೆ. ದೊಡ್ಡ ಕುಂಡದ ಕರಿಬೇವು ನಮಗೆ, ಪಕ್ಕದ ಸಣ್ಣದು ಅದಕ್ಕೆ. ಹುಳು ಕಂಡಾಗಲೆಲ್ಲ ಎಲೆ ಸಮೇತ ಅಲ್ಲಿಗೆ ದಾಟಿಸುತ್ತೇನೆ.

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯಲು ಬಳಸಬಾರದೆಂದು ಆದೇಶಿಸಿತು, ತಪ್ಪಿದರೆ 5,000 ರೂಪಾಯಿ ದಂಡ. ಆ ಆದೇಶ ನ್ಯಾಯವಾಗಿತ್ತು. ಜನ ಬಿಂದಿಗೆ ಹಿಡಿದು ಟ್ಯಾಂಕರ್ ಕಾಯುವಾಗ ಕುಂಡಕ್ಕೆ ಕಾವೇರಿ ಹರಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಿನಲ್ಲೇ ಸೊಪ್ಪು ಉಳಿಯಿತು, ದೊಡ್ಡ ಗಿಡಗಳನ್ನು ಅರ್ಧಕ್ಕೆ ಕತ್ತರಿಸಿ ಹೊಂಗೆಯ ಒಣ ಎಲೆ ಹೊದಿಸಿದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಅನೇಕರು ಆಗ ಬಳಸಿದರು. ಅದರಲ್ಲಿ ಉಪ್ಪಿನಂಶ ಹೆಚ್ಚು. ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿದರೆ, ಎಲೆಯಂಚು ಸುಟ್ಟಂತೆ ಕಂದಾದರೆ ಅದೇ ಕಾರಣ. ಬೇರೆ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ, ಮೊದಲ ಜೋರು ಮಳೆಗೆ ಕುಂಡ ಚೆನ್ನಾಗಿ ತೊಳೆದು ಹೋಗಲು ಬಿಡಿ.

ನೀರು ಯಾವಾಗ ಹಾಕಬೇಕು ಎಂಬುದಕ್ಕೆ ಗಡಿಯಾರ ನೋಡಬೇಡಿ. ಕೋಕೋಪೀಟಿನ ಮೇಲ್ಭಾಗ ಒಣಗಿದಂತೆ ಕಂಡರೂ ಒಳಗೆ ಒದ್ದೆ ಇರುತ್ತದೆ. ಬೆರಳನ್ನು ಎರಡು ಗಿಣ್ಣಿನಷ್ಟು ಇಳಿಸಿ ನೋಡಿ. ಸಣ್ಣ ಕುಂಡವಾದರೆ ಎತ್ತಿ ನೋಡಿ, ತೂಕವೇ ಹೇಳುತ್ತದೆ. ತಟ್ಟೆ ಇಟ್ಟಿದ್ದರೆ ಅದರ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ, ಉಜ್ಜಿ ಒಣಗಿಸಲೇಬೇಕು. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಹೆಚ್ಚುಕಡಿಮೆ ಒಂದು ವಾರ, ಹತ್ತು ದಿನ ಸಾಕು.

ನೀರು ಹಾಕಿದಷ್ಟೂ ಸಾರ ಕೆಳಗೆ ಇಳಿದುಹೋಗುವುದರಿಂದ ಕುಂಡದ ಗಿಡಕ್ಕೆ ಸ್ವಲ್ಪ ಸ್ವಲ್ಪವೇ, ಮತ್ತೆ ಮತ್ತೆ ಉಣಿಸಬೇಕು. ಕಡಲೆಕಾಯಿ ಹಿಂಡಿಯನ್ನು ಮೂರು ದಿನ ನೆನೆಸಿ, ಹತ್ತರಷ್ಟು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಕೊಡುತ್ತೇನೆ. ವಾಸನೆ ಬರುತ್ತದೆ, ಅಕ್ಕಪಕ್ಕದವರು ಮಲಗುವ ಹೊತ್ತಿಗೆ ಹಾಕಿದರೆ ಬೆಳಗಿನೊಳಗೆ ಹೋಗಿರುತ್ತದೆ. ಅಡುಗೆಮನೆಯ ಸಿಪ್ಪೆಗಳೆಲ್ಲ ತೂತು ಕೊರೆದ ಡ್ರಮ್ಮಿಗೆ. ಒಂದು ಪದರ ಹಸಿ, ಅದರ ಎರಡರಷ್ಟು ಒಣ ಎಲೆ. ಹುಳಿ ವಾಸನೆ ಬಂದರೆ ಒಣ ಎಲೆ ಕಡಿಮೆಯಾಗಿದೆ ಎಂದೇ ಅರ್ಥ. ಮಾಗಿ ಮುಗಿಯುವಾಗ ರಸ್ತೆ ತುಂಬ ಉದುರುವ ಎಲೆಗಳನ್ನು ಬೀದಿಯಲ್ಲಿ ಸುಡುತ್ತಾರಲ್ಲ, ಅದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಪೌರಕಾರ್ಮಿಕರನ್ನು ಕೇಳಿಕೊಂಡು ಚೀಲ ತುಂಬಿಸಿ ತರುತ್ತೇನೆ, ವರ್ಷಕ್ಕಾಗುವಷ್ಟು.

ಬೆಂಗಳೂರಿನಲ್ಲಿ ಇದೆಲ್ಲವನ್ನು ಜನರಿಗೆ ಕಲಿಸಿದವರಲ್ಲಿ ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ಹೆಸರು ಮೊದಲು ಬರುತ್ತದೆ. ಗಾರ್ಡನ್ ಸಿಟಿ ಫಾರ್ಮರ್ಸ್ ಬಳಗ 2011ರಲ್ಲಿ ಶುರುಮಾಡಿದ ‘ಊಟ ಫ್ರಮ್ ಯುವರ್ ತೋಟ’ ಸಂತೆಯಲ್ಲಿ ಬೀಜ, ಸಸಿ, ಹಿಂಡಿ ಎಲ್ಲ ಒಂದೇ ಕಡೆ ಸಿಗುತ್ತವೆ, ಅದಕ್ಕಿಂತ ಹೆಚ್ಚಾಗಿ ಮಾಡಿ ಗೊತ್ತಿರುವವರು ಮಾತಿಗೆ ಸಿಗುತ್ತಾರೆ.

ಹರಿವೆ, ದಂಟಿನ ಬೀಜವನ್ನು ಮಾತ್ರ ನಾನು ಕೊಳ್ಳುವುದಿಲ್ಲ. ಟ್ರೇಯಲ್ಲಿ ಎಲ್ಲಕ್ಕಿಂತ ಪುಷ್ಟವಾದ ಗಿಡವನ್ನು ಕೀಳದೆ ಬಿಡುತ್ತೇನೆ. ತೆನೆ ಬಲಿತು ಕಂದುಬಣ್ಣಕ್ಕೆ ತಿರುಗಿದಾಗ ಅಂಗೈಯಲ್ಲಿ ಉಜ್ಜಿದರೆ ಸಾಸಿವೆಗಿಂತ ಸಣ್ಣ, ಮಿರುಗುವ ಕಪ್ಪು ಬೀಜ ಉದುರುತ್ತದೆ. ಮೊರದಲ್ಲಿ ಹೊಟ್ಟು ಹಾರಿಸಿ, ನೆರಳಿನಲ್ಲಿ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ ತಿಂಗಳು ಬರೆದಿಡುತ್ತೇನೆ. ಕೆಂಪು ಹರಿವೆ, ಹಸಿರು ಹರಿವೆ ಅಕ್ಕಪಕ್ಕ ಹೂ ಬಿಟ್ಟರೆ ಬೆರಕೆಯಾಗುತ್ತದೆ. ಆದ್ದರಿಂದ ಒಂದು ಸಲಕ್ಕೆ ಒಂದೇ ಬಣ್ಣದ್ದನ್ನು ಬೀಜಕ್ಕೆ ಬಿಡಬೇಕು. ಒಂದು ಗಿಡದ ಬೀಜ ನಮ್ಮ ಬೀದಿಯ ಎಲ್ಲರಿಗೂ ಹಂಚಿ ಮಿಗುತ್ತದೆ. ಕೆಳಗಿನ ಮನೆಯ ಹುಡುಗಿ ಈ ಸಲ ಕೆಂಪಿನದು ಒಯ್ದಿದ್ದಾಳೆ. ಬೀಜಕ್ಕೆ ಮೂರರಷ್ಟು ಮರಳು ಬೆರೆಸಿ ಚೆಲ್ಲು, ಇಲ್ಲದಿದ್ದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ, ಮೇಲೆ ಮಣ್ಣನ್ನು ಜರಡಿಯಲ್ಲಿ ತೆಳ್ಳಗೆ ಉದುರಿಸಿದರೆ ಸಾಕು ಎಂದು ಹೇಳಿ ಕಳಿಸಿದ್ದೇನೆ.